ಮಿಕ್ಕವರ ಗುಂಪು: ಒಂದು ಖಾಸಗಿ ವಿಶ್ವವಿದ್ಯಾಲಯದ ಪ್ರಕರಣ

ಆ ವಿಶ್ವವಿದ್ಯಾಲಯದ ಪ್ರವೇಶ ಪುಸ್ತಿಕೆಯ ಮುಖಪುಟದಲ್ಲಿ ಒಂದು ಫೋಟೋ ಇತ್ತು. ಹುಲ್ಲುಹಾಸಿನ ಮೇಲೆ ನಾಲ್ಕು ಜನ ಕೂತಿದ್ದಾರೆ. ನಾಲ್ವರೂ ಬೇರೆ ಬೇರೆ ಕಡೆಯವರು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಬ್ಬಳ ಕೈಯಲ್ಲಿ ಪುಸ್ತಕವಿದೆ, ಉಳಿದ ಮೂವರು ಅವಳೇನೋ ಹೇಳಿದಳು ಅನ್ನುವ ಹಾಗೆ ನಗುತ್ತಿದ್ದಾರೆ. ಫೋಟೋ ತೆಗೆಯುವಾಗ ಆ ನಾಲ್ವರಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ತೆಗೆದ ಮೇಲೂ ಅವರು ಮಾತಾಡಿಕೊಂಡದ್ದಿಲ್ಲ. ಇದನ್ನು ನನಗೆ ಹೇಳಿದ್ದು ಪುಸ್ತಕ ಹಿಡಿದಿದ್ದ ಹುಡುಗಿಯೇ. ಓದು ಬಿಡುತ್ತೇನೆ ಅಂತ ಅರ್ಜಿ ತಂದ ದಿನ.

ನಾನು ಆಗ ಅಲ್ಲಿ ವಿದ್ಯಾರ್ಥಿ ಕಲ್ಯಾಣ ವಿಭಾಗದಲ್ಲಿದ್ದೆ. ಊರು, ಹೆಸರು, ವರ್ಷ ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಯಾರ ಗುರುತೂ ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾವು ತೆಗೆದುಕೊಂಡ ತೀರ್ಮಾನಗಳನ್ನು ಮಾತ್ರ ಮುಟ್ಟಿಲ್ಲ. ತಪ್ಪಿದವು ತಪ್ಪಿದ ಹಾಗೆಯೇ ಇವೆ.

ಹಿನ್ನೆಲೆ

ಅಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ಕ್ಯಾಂಪಸ್‌ನಲ್ಲೇ ಉಳಿಯುತ್ತಿದ್ದರು. ಬರುವವರದು ಮೂರು ದಾರಿ: ಪೂರ್ತಿ ಶುಲ್ಕ ಕಟ್ಟಿ ಬರುವವರು, ಸ್ಕಾಲರ್‌ಶಿಪ್ ಸಿಕ್ಕಿ ಬರುವವರು, ಬೇರೆ ದೇಶಗಳಿಂದ ಬರುವವರು. ನಾನು ಸೇರುವ ಮುಂಚೆಯೇ ಸ್ಕಾಲರ್‌ಶಿಪ್ ಸೀಟು ಜಾಸ್ತಿ ಮಾಡಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ವಾರ್ಷಿಕ ವರದಿಯಲ್ಲಿ ಅದಕ್ಕೇ ಅಂತ ಒಂದು ಪುಟ ಇರುತ್ತಿತ್ತು: ಎಷ್ಟು ಭಾಷೆಯವರು, ಎಷ್ಟು ದೇಶದವರು, ಹುಡುಗಿಯರೆಷ್ಟು, ಹುಡುಗರೆಷ್ಟು. ಅದು ಗೇಟಿನೊಳಗೆ ಬಂದವರ ಲೆಕ್ಕ. ಬಂದವರು ಯಾರ ಪಕ್ಕ ಕೂತರು ಅನ್ನೋದಕ್ಕೆ ಯಾವ ಪುಟವೂ ಇರಲಿಲ್ಲ.

ಹಾಸ್ಟೆಲ್‌ನಲ್ಲಿ ಮೂರು ಥರದ ರೂಮು, ಮೂರು ದರ. ಒಬ್ಬರಿಗೇ ಒಂದು ರೂಮು ಅಂದರೆ ಹೊಸ ಬ್ಲಾಕ್. ಇಬ್ಬರಿಗೆ ಒಂದು ಅಂದರೆ ನಡುವಿನ ಬ್ಲಾಕ್. ನಾಲ್ವರಿಗೆ ಒಂದು ಅಂದರೆ ಹಿಂದಿನ ಹಳೇ ಕಟ್ಟಡ. ಸ್ಕಾಲರ್‌ಶಿಪ್ ಹಣ ಹಳೇ ಕಟ್ಟಡಕ್ಕಷ್ಟೇ ಸಾಲುತ್ತಿತ್ತು. ಜೊತೆಗೆ ರೂಮ್‌ಮೇಟ್ ಯಾರು ಅಂತ ಮಕ್ಕಳೇ ಆರಿಸಿಕೊಳ್ಳಬಹುದಿತ್ತು. ಪ್ರವೇಶ ಪಟ್ಟಿ ಬಂದ ವಾರದೊಳಗೆ ವಾಟ್ಸಾಪ್ ಗುಂಪುಗಳು ಹುಟ್ಟಿಕೊಳ್ಳುತ್ತಿದ್ದವು. ಒಂದೇ ಶಾಲೆಯವರು, ಒಂದೇ ಕೋಚಿಂಗ್‌ನವರು ಮೊದಲೇ ಜೊತೆಯಾಗಿಬಿಡುತ್ತಿದ್ದರು. ಸೂಟ್‌ಕೇಸ್ ಇಳಿಸುವ ಮೊದಲೇ ಕ್ಯಾಂಪಸ್ ಪಾಲಾಗಿ ಹೋಗಿರುತ್ತಿತ್ತು.

ಇಷ್ಟನ್ನೂ ನಾನು ಎರಡು ವರ್ಷ ಕಣ್ಣಾರೆ ಕಂಡಿದ್ದೆ. ಅದೊಂದು ಸಮಸ್ಯೆ ಅಂತ ಮಾತ್ರ ನನಗೆ ಹೊಳೆದಿರಲಿಲ್ಲ. ದುಡ್ಡಿಗೆ ತಕ್ಕ ರೂಮು, ಅದರಲ್ಲೇನಿದೆ ಅನ್ನಿಸಿತ್ತು.

ಅರ್ಜಿ

ಹುಡುಗಿ ಮೂರನೇ ಸೆಮಿಸ್ಟರ್ ಮುಗಿಸಿದ್ದಳು. ಅಂಕ ಚೆನ್ನಾಗಿತ್ತು, ಶುಲ್ಕದ ಚಿಂತೆ ಇರಲಿಲ್ಲ. ಅರ್ಜಿಯಲ್ಲಿ ಕಾರಣ ಅನ್ನುವ ಕಡೆ "ವೈಯಕ್ತಿಕ" ಅಂತ ಬರೆದಿದ್ದಳು. ನಿಯಮದ ಪ್ರಕಾರ ನಾನು ಹತ್ತು ನಿಮಿಷ ಮಾತಾಡಿಸಿ ಸಹಿ ಹಾಕಬೇಕಿತ್ತು. ಅವಳು ಒಂದು ಗಂಟೆ ಕೂತಳು.

ಜಗಳ ಆಗಿರಲಿಲ್ಲ. ರ್‍ಯಾಗಿಂಗ್ ಇರಲಿಲ್ಲ. "ಯಾರೂ ಕೆಟ್ಟವರಲ್ಲ ಮೇಡಂ" ಅಂತ ಅವಳೇ ಎರಡು ಸಲ ಹೇಳಿದಳು. ರಾತ್ರಿ ಊಟಕ್ಕೆ ಮೆಸ್ ಬಾಗಿಲು ತೆರೆಯುವುದು ಏಳಕ್ಕೆ. ಅವಳು ಐದು ನಿಮಿಷ ಮುಂಚೆಯೇ ಬಾಗಿಲಲ್ಲಿ ನಿಂತಿರುತ್ತಿದ್ದಳಂತೆ. ಏಳೂಕಾಲರ ಹೊತ್ತಿಗೆ ಉಂಡು ಹೊರಗೆ. ಎಂಟಕ್ಕೆ ಮೆಸ್ ತುಂಬುತ್ತದೆ. ಆಗ ಬಂದರೆ ತಟ್ಟೆ ಹಿಡಿದುಕೊಂಡು ಎಲ್ಲಿ ಕೂರೋದು ಅಂತ ಸುತ್ತ ನೋಡುತ್ತಾ ನಿಲ್ಲಬೇಕು. ಆ ಅರ್ಧ ನಿಮಿಷವನ್ನು ತಪ್ಪಿಸೋಕೆ ಮೂರು ಸೆಮಿಸ್ಟರ್ ಹೀಗೆ ಮಾಡಿದ್ದಳು. ಮೆಸ್‌ನವರು ಇವಳು ತುಂಬಾ ಶಿಸ್ತಿನ ಹುಡುಗಿ ಅಂದುಕೊಂಡಿದ್ದರಂತೆ.

ಇನ್ನೊಂದು ಮಾತು ಹೇಳಿದಳು. ಕ್ಲಾಸಲ್ಲಿ ಪ್ರಾಜೆಕ್ಟ್‌ಗೆ ಗುಂಪು ಮಾಡಿಕೊಳ್ಳಿ ಅಂತ ಮೇಷ್ಟ್ರು ಹೇಳಿದಾಗ ಎರಡೇ ನಿಮಿಷದಲ್ಲಿ ಗುಂಪುಗಳಾಗುತ್ತವೆ. ಕೊನೆಗೆ ಅಲ್ಲಲ್ಲಿ ನಾಲ್ಕೈದು ಜನ ಉಳಿಯುತ್ತಾರೆ. ಸರಿ, ನೀವು ಒಂದು ಗುಂಪು ಅಂತ ಮೇಷ್ಟ್ರೇ ಸೇರಿಸುತ್ತಾರೆ. ವಿದ್ಯಾರ್ಥಿಗಳು ಅದಕ್ಕೊಂದು ಹೆಸರು ಇಟ್ಟಿದ್ದರು: ಮಿಕ್ಕವರ ಗುಂಪು. "ನಾನು ಆರು ಪ್ರಾಜೆಕ್ಟ್ ಮಾಡಿದೀನಿ, ಆರರಲ್ಲೂ ಮಿಕ್ಕವಳೇ" ಅಂತ ನಕ್ಕಳು.

ಅವಳನ್ನು ಉಳಿಸಿಕೊಳ್ಳೋಕೆ ನನಗೆ ಆಗಲಿಲ್ಲ. ಅವಳು ಬೇರೆ ಕಡೆ ಸೇರಿಕೊಂಡಳು. ಮುಖಪುಟದ ಫೋಟೋ ಮಾತ್ರ ಇನ್ನೆರಡು ವರ್ಷ ಹಾಗೇ ಅಚ್ಚಾಗುತ್ತಿತ್ತು.

ಮೊದಲು ಮಾಡಿದ್ದು

ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ವೈವಿಧ್ಯ ದಿನ ಅಂತ ಒಂದು ಕಾರ್ಯಕ್ರಮ ಇಟ್ಟೆವು. ಅವರವರ ಕಡೆಯ ಉಡುಪು, ಹಾಡು, ಮಳಿಗೆಗಳು. ಜನ ಚೆನ್ನಾಗಿಯೇ ಸೇರಿದ್ದರು. ವಾರದ ನಂತರ ಹೊರದೇಶದ ಒಬ್ಬ ಹುಡುಗನನ್ನು ಹೇಗಿತ್ತಪ್ಪಾ ಅಂತ ಕೇಳಿದೆ. "ಅವತ್ತು ತುಂಬಾ ಜನ ನನ್ನ ಜೊತೆ ಫೋಟೋ ತೆಗೆಸಿಕೊಂಡರು. ಮಾರನೇ ದಿನ ಕ್ಲಾಸಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿನೇ ಇತ್ತು" ಅಂದ. ದೂರಿದ್ದಲ್ಲ, ಕೇಳಿದ್ದಕ್ಕೆ ಹೇಳಿದ ಅಷ್ಟೇ.

ಆಮೇಲೆ ಎರಡು ಗಂಟೆಯ ಕಡ್ಡಾಯ ಉಪನ್ಯಾಸ ಇಟ್ಟೆವು. ಹಾಜರಿ ಚೆನ್ನಾಗಿತ್ತು. ಅದರ ಬಗ್ಗೆ ಹೇಳೋಕೆ ಇರೋದು ಅಷ್ಟೇ.

ಪ್ರಶ್ನೆ ಬದಲಾಯಿತು

ಮೆಸ್‌ನಲ್ಲಿ ಯಾರು ಯಾರ ಜೊತೆ ಕೂರುತ್ತಾರೆ ಅಂತ ಎಣಿಸೋಣ ಅನ್ನುವ ಸಲಹೆ ಬಂತು. ಮೊದಲು ನಾನೂ ಒಪ್ಪಿದ್ದೆ. ಸಮಾಜಶಾಸ್ತ್ರದ ಒಬ್ಬ ಹಿರಿಯ ಪ್ರಾಧ್ಯಾಪಕರು ತಡೆದರು. "ದೂರದಿಂದ ನೋಡಿ ಇವನು ಇಂಥವನು ಅಂತ ಬರೆದುಕೊಳ್ತೀರಾ? ನೀವು ಯಾವುದನ್ನು ಬೇಡ ಅಂತಿದ್ದೀರೋ ಅದನ್ನೇ ಮಾಡಿದ ಹಾಗಾಯ್ತಲ್ವಾ?" ಅಂದರು. ಅವರ ಮಾತು ಸರಿ ಇತ್ತು.

ಅದರ ಬದಲು ಹೆಸರಿಲ್ಲದ ಒಂದು ಚೀಟಿ ಹಂಚಿದೆವು. ನಿಮಗೆ ಒಂದು ವಾರ ಜ್ವರ ಬಂದರೆ ನೋಟ್ಸ್ ಕೇಳೋದು ಯಾರನ್ನ? ಐದು ಜನರನ್ನು ನೆನಪು ಮಾಡಿಕೊಳ್ಳಿ. ಅವರ ಹೆಸರು ಬೇಡ. ಅವರ ಪರಿಚಯ ನಿಮಗೆ ಎಲ್ಲಿ ಆಯ್ತು ಅಂತ ಮಾತ್ರ ಬರೆಯಿರಿ.

ಉತ್ತರಗಳಲ್ಲಿ ಭಾಷೆ, ದೇಶದ ಮಾತೇ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಬೇರೆ. "ಪಕ್ಕದ ರೂಮು." "ನಮ್ಮ ಮಹಡಿ." "ಒಂದೇ ಬಾತ್‌ರೂಮಿಗೆ ಕ್ಯೂ ನಿಲ್ತೀವಿ." "ಬಟ್ಟೆ ಒಗೆಯೋ ಕಡೆ." ಚೀಟಿಯ ಕಟ್ಟು ಬಿಡಿಸಿದಷ್ಟೂ ಅದೇ. ಕ್ಲಾಸಲ್ಲಿ ಪರಿಚಯವಾದವರು ಅಂತ ಬರೆದವರು ನಾವು ಅಂದುಕೊಂಡದ್ದಕ್ಕಿಂತ ಕಡಿಮೆ.

ಪ್ರಾಧ್ಯಾಪಕರಿಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ವಸತಿಯಲ್ಲಿ ಮಾಡಿ 1950ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳಿದರು. ಅಲ್ಲಿ ಮನೆಗಳನ್ನು ಜನ ಆರಿಸಿಕೊಂಡಿರಲಿಲ್ಲ, ಸಿಕ್ಕಿದ ಮನೆಗೆ ಬಂದಿದ್ದರು. ಆದರೂ ಸ್ನೇಹ ಬೆಳೆದದ್ದು ಹೆಚ್ಚಾಗಿ ಪಕ್ಕದ ಬಾಗಿಲಿನವರ ಜೊತೆ. ಕೆಳಮಹಡಿಯಲ್ಲಿದ್ದರೂ ಮೆಟ್ಟಿಲ ಬುಡದಲ್ಲಿ ಮನೆ ಇದ್ದವರಿಗೆ ಮೇಲಿನವರ ಸ್ನೇಹ ಜಾಸ್ತಿ. ಮನಸ್ಸಿಗಿಂತ ಮೊದಲು ಕಾಲು ಎಲ್ಲಿ ಓಡಾಡುತ್ತದೆ ನೋಡಿ ಅಂತ ಅವರು ಹೇಳಿದ್ದು ನನಗೆ ಹಿಡಿಸಿತು.

ನಮ್ಮ ಮಕ್ಕಳ ಕಾಲು ಎಲ್ಲಿ ಓಡಾಡಬೇಕು ಅಂತ ತೀರ್ಮಾನ ಮಾಡಿದ್ದು ರೂಮಿನ ದರಪಟ್ಟಿ. ಆ ದರಪಟ್ಟಿ ಮಾಡಿದವರು ನಾವು. ಇಷ್ಟು ದಿನ ಮಕ್ಕಳ ಮನಸ್ಸು ತಿದ್ದೋಕೆ ಉಪನ್ಯಾಸ ಇಡುತ್ತಿದ್ದೆವು!

ಚೀಟಿ ಎತ್ತಿ ರೂಮು

ಮುಂದಿಟ್ಟ ಪ್ರಸ್ತಾಪ ಸರಳ. ಮೊದಲ ವರ್ಷದ ಎಲ್ಲರಿಗೂ ಒಂದೇ ದರ. ಮೂರೂ ಬ್ಲಾಕ್‌ಗಳಲ್ಲಿ ಚೀಟಿ ಎತ್ತಿ ರೂಮು. ಜೊತೆಗಾರರನ್ನು ಆರಿಸಿಕೊಳ್ಳುವ ಹಾಗಿಲ್ಲ.

ಹಣಕಾಸು ವಿಭಾಗದವರು ಮೊದಲು ತಕರಾರು ತೆಗೆದರು. ಒಬ್ಬರ ರೂಮಿನ ದರದಿಂದಲೇ ಹಾಸ್ಟೆಲ್ ನಡೆಯುತ್ತಿದೆ ಅಂತ ಲೆಕ್ಕ ತೋರಿಸಿದರು. ಲೆಕ್ಕ ಸುಳ್ಳಾಗಿರಲಿಲ್ಲ. ಕೊನೆಗೆ ಒಬ್ಬರ ರೂಮುಗಳನ್ನು ಎರಡನೇ ವರ್ಷದ ನಂತರದವರಿಗೆ ಬಿಟ್ಟು, ಮೊದಲ ವರ್ಷದವರಿಗೆ ಉಳಿದೆರಡು ದರಗಳ ಸರಾಸರಿ ಇಟ್ಟೆವು. ಸ್ಕಾಲರ್‌ಶಿಪ್‌ನವರಿಗೆ ಆ ವ್ಯತ್ಯಾಸ ತುಂಬಿಕೊಡಬೇಕು ಅನ್ನೋದು ಷರತ್ತು. ಈ ಷರತ್ತು ಮೊದಲ ಕರಡಿನಲ್ಲಿ ಬಿಟ್ಟುಹೋಗಿತ್ತು. ಒಬ್ಬ ಗುಮಾಸ್ತರು ನೋಡಿ ಹೇಳದಿದ್ದರೆ, ಸಮಾನತೆಯ ಹೆಸರಲ್ಲಿ ಬಡ ಮಕ್ಕಳ ಖರ್ಚು ಜಾಸ್ತಿ ಮಾಡಿ ಕೂರುತ್ತಿದ್ದೆವು.

ಪೋಷಕರ ಫೋನುಗಳು ಬೇರೆ. "ನಮ್ಮ ಮಗ ಯಾರ ಜೊತೆ ಇರಬೇಕು ಅಂತ ನೀವು ಹೇಳೋದಾ?" ಅನ್ನುವುದೇ ಎಲ್ಲರ ಧಾಟಿ. ಪ್ರಸ್ತಾಪ ಒಪ್ಪಬೇಕಿದ್ದ ಸಮಿತಿಗೆ ನಾವು ಎರಡು ಉದಾಹರಣೆ ಕೊಟ್ಟೆವು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ, ಅದೂ ಖಾಸಗಿಯೇ, 2018ರಲ್ಲಿ ಹೊಸಬರು ರೂಮ್‌ಮೇಟ್ ಆರಿಸಿಕೊಳ್ಳುವುದನ್ನು ನಿಲ್ಲಿಸಿತು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನ ಇನ್ನೂ ಹತ್ತಿರದ್ದು. ಅಲ್ಲಿ ಬೇರೆ ಜನಾಂಗದ ರೂಮ್‌ಮೇಟ್ ಸಿಕ್ಕ ಬಿಳಿಯ ವಿದ್ಯಾರ್ಥಿಗಳಲ್ಲಿ ಕಪ್ಪು ಜನರ ಬಗೆಗಿನ ತಪ್ಪು ಕಲ್ಪನೆ ಕಡಿಮೆಯಾಯಿತು. ಮಿಶ್ರ ರೂಮಿನಲ್ಲಿದ್ದ ಕಪ್ಪು ವಿದ್ಯಾರ್ಥಿಗಳ ಫಲಿತಾಂಶವೂ ಸುಧಾರಿಸಿತು. ಸಮಿತಿಯನ್ನು ಒಪ್ಪಿಸಿದ್ದು ಈ ಎರಡನೇ ಮಾತು. ಅಂಕ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಒಂಬತ್ತು ರಾತ್ರಿ

ಮೊದಲ ತಿಂಗಳು ರೂಮು ಬದಲಿಸಿ ಅನ್ನುವ ಅರ್ಜಿಗಳು ರಾಶಿ ಬಿದ್ದವು. ಹೆಚ್ಚಿನವು ಸಣ್ಣವು: ಅವನು ಬೆಳಗಿನ ಜಾವ ಅಲಾರಾಂ ಇಡ್ತಾನೆ, ಇವಳು ರಾತ್ರಿಯೆಲ್ಲ ಫೋನಲ್ಲಿ ಮಾತಾಡ್ತಾಳೆ. ಇದು ಮೊದಲೇ ಗೊತ್ತಿದ್ದರಿಂದ ಒಂದು ನಿಯಮ ಇಟ್ಟಿದ್ದೆವು. ಆರು ವಾರ ಯಾವ ಬದಲಾವಣೆಯೂ ಇಲ್ಲ. ಆರು ವಾರಕ್ಕೆ ಒಗ್ಗಿಕೊಳ್ಳುತ್ತಾರೆ ಅನ್ನೋದು ನನ್ನದೇ ವಾದ. ಆ ನಿಯಮ ಬರೆದವಳೂ ನಾನೇ.

ಒಂದು ರೂಮಿನಲ್ಲಿ ಇಬ್ಬರು ಹುಡುಗರು. ಒಬ್ಬನ ಇಂಗ್ಲಿಷ್ ಉಚ್ಚಾರಣೆಯನ್ನು ಇನ್ನೊಬ್ಬ ದಿನಾ ರಾತ್ರಿ ಅಣಕಿಸುತ್ತಿದ್ದ. ಅವನ ಗೆಳೆಯರೂ ಬಂದು ಕೂರುತ್ತಿದ್ದರು. ಇವನ ಬಾಯಲ್ಲಿ ಒಂದು ಪದ ಹೇಳಿಸೋದು, ಎಲ್ಲರೂ ನಗೋದು. ಹುಡುಗ ವಾರ್ಡನ್ ಹತ್ತಿರ ಹೋದ. ವಾರ್ಡನ್ ಒಳ್ಳೆಯ ಮನುಷ್ಯರೇ, ನಿಯಮ ತೋರಿಸಿದರು: ಆರು ವಾರ ಆಗಲಿ. ಹುಡುಗ ಸುಮ್ಮನೆ ವಾಪಸ್ ಹೋದ. ಆಮೇಲೆ ಒಂಬತ್ತು ರಾತ್ರಿ ರೀಡಿಂಗ್ ರೂಮಿನಲ್ಲಿ ಮೇಜಿನ ಮೇಲೆ ತಲೆ ಇಟ್ಟು ಮಲಗಿದ. ಕಸ ಗುಡಿಸಲು ಬೆಳಗ್ಗೆ ಬರುತ್ತಿದ್ದ ಹೆಂಗಸು ಗಮನಿಸಿ ನಮ್ಮ ಆಫೀಸಿಗೆ ಬಂದು ಹೇಳಿದರು. ಮೇಜಿನ ಕೆಳಗೆ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡಿದ್ದಾನೆ ಅಂದರು.

ಆ ಬ್ರಷ್ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲಿ ಬರೆದದ್ದನ್ನು ಆ ಹೊತ್ತಿಗೆ ನಾನು ಓದಿದ್ದೆ. ಬೇರೆ ಬೇರೆ ಗುಂಪಿನವರು ಹತ್ತಿರ ಬಂದರೆ ಪೂರ್ವಗ್ರಹ ಕರಗುತ್ತದೆ, ಆದರೆ ಅದಕ್ಕೆ ಅನುಕೂಲವಾದ ಸ್ಥಿತಿ ಇರಬೇಕು: ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ಮೇಲಿನವರ ಬೆಂಬಲ. ನಂತರ 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ ಅನ್ನುವ ಇಬ್ಬರು ಸಂಶೋಧಕರು 500ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಈ ಸ್ಥಿತಿಗಳು ಪೂರ್ತಿ ಇಲ್ಲದಿದ್ದರೂ ಒಡನಾಟದಿಂದ ಸಾಮಾನ್ಯವಾಗಿ ಒಳ್ಳೆಯದೇ ಆಗುತ್ತದೆ, ಇದ್ದರೆ ಪರಿಣಾಮ ಹೆಚ್ಚು ಅಂತ ಕಂಡುಕೊಂಡರು. ನಾನು ಹಿಡಿದುಕೊಂಡದ್ದು "ಸಾಮಾನ್ಯವಾಗಿ" ಅನ್ನುವ ಪದವನ್ನು. ಆ ರೂಮಿನಲ್ಲಿ ಸಮಾನ ಸ್ಥಾನ ಇರಲಿಲ್ಲ. ಮೇಲಿನವರ ಬೆಂಬಲ ಅಣಕಿಸುವವನ ಕಡೆಗೇ ಇದ್ದಂತಾಗಿತ್ತು, ನನ್ನ ನಿಯಮದ ಮೂಲಕ.

ಅವತ್ತೇ ಅವನಿಗೆ ಬೇರೆ ರೂಮು ಕೊಟ್ಟೆವು. ಅಣಕಿಸಿದವನ ಮೇಲೆ ಶಿಸ್ತು ಕ್ರಮ ಆಯಿತು. ಆರು ವಾರದ ನಿಯಮವನ್ನು ಪೂರ್ತಿ ತೆಗೆಯಬೇಕು ಅಂತ ಕೆಲವರು ಹೇಳಿದರು. ತೆಗೆಯಲಿಲ್ಲ, ಒಡೆದೆವು. ಅಲಾರಾಂ, ಲೈಟು, ಗಲೀಜು ಇವಕ್ಕೆ ಆರು ವಾರ. ಅವಮಾನ, ಬೆದರಿಕೆ ಅಂದರೆ ಎರಡು ದಿನದೊಳಗೆ ವಿಚಾರಣೆ, ಅದನ್ನೂ ವಾರ್ಡನ್ ಬಿಟ್ಟು ಬೇರೆಯವರು ಮಾಡಬೇಕು. ಯಾವುದು ಯಾವ ಥರದ್ದು ಅಂತ ತೀರ್ಮಾನ ಮಾಡುವುದು ದೂರು ಕೊಟ್ಟವರು. ದುರುಪಯೋಗ ಆಗುತ್ತೆ ಅಂದವರಿದ್ದರು. ಆಯ್ತು ಕೂಡ, ಎರಡು ಸಲ. ಎರಡು ಸಲ ಮೋಸ ಹೋಗೋದು ರೀಡಿಂಗ್ ರೂಮಿನ ಮೇಜಿಗಿಂತ ವಾಸಿ.

ಪ್ರಾಜೆಕ್ಟು, ಕ್ಲಬ್ಬು

ಮಿಕ್ಕವರ ಗುಂಪನ್ನು ಇಲ್ಲದಂತೆ ಮಾಡಬೇಕು ಅಂತ ನನಗೆ ಹಟ ಇತ್ತು. ಮೊದಲ ವರ್ಷದ ಪಾಠ ಮಾಡುವವರಿಗೆ ಗುಂಪುಗಳನ್ನು ನೀವೇ ಮಾಡಿ ಅಂತ ಕೇಳಿಕೊಂಡೆವು. ಕೆಲವರು ಒಪ್ಪಿದರು. ಅವರಲ್ಲೊಬ್ಬರು ಜಿಗ್ಸಾ ವಿಧಾನ ಹಿಡಿದರು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ಊರಿನ ಶಾಲೆಗಳಿಗೆ ಅಂತ ರೂಪಿಸಿದ್ದು ಅದು. ಕಪ್ಪು, ಬಿಳಿ ಮಕ್ಕಳನ್ನು ಆಗ ತಾನೇ ಒಂದೇ ತರಗತಿಗೆ ತಂದಿದ್ದರು, ಜಗಳ ಜೋರಾಗಿತ್ತು. ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುತ್ತಾರೆ. ಅವನ ತುಂಡು ಅವನಿಗೆ ಮಾತ್ರ ಗೊತ್ತು. ಹಾಗಾಗಿ ಅವನ ಮಾತು ಕೇಳಲೇಬೇಕು, ಇಲ್ಲದಿದ್ದರೆ ಯಾರಿಗೂ ಪೂರ್ತಿ ಪಾಠ ಸಿಗುವುದಿಲ್ಲ.

ಇಲ್ಲೂ ಒಂದು ಎಡವಟ್ಟಾಯಿತು. ಎಲ್ಲ ಗುಂಪಿನಲ್ಲೂ ಎಲ್ಲ ಥರದವರು ಇರಲಿ ಅಂತ ನಾವು ಸಮನಾಗಿ ಹಂಚಿದೆವು. ಕಾಗದದ ಮೇಲೆ ಚೆಂದ ಕಂಡಿತು. ಹೊರದೇಶದಿಂದ ಬಂದವರು ಕಡಿಮೆ ಇದ್ದದ್ದರಿಂದ ಗುಂಪಿಗೆ ಒಬ್ಬರಂತೆ ಚದುರಿದರು. ಮೊದಲು ಮಿಕ್ಕವರ ಗುಂಪಿನಲ್ಲಾದರೂ ಜೊತೆಗೆ ಯಾರಾದರೂ ಇರುತ್ತಿದ್ದರು, ಈಗ ಒಂಟಿಯಾದರು. ಮುಂದಿನ ಸಲ ಇಬ್ಬರಿಗಿಂತ ಕಡಿಮೆ ಇರಬಾರದು ಅಂತ ಮಾಡಿದೆವು. ಕೆಲವು ಗುಂಪುಗಳಲ್ಲಿ ಅವರು ಇಲ್ಲವೇ ಇಲ್ಲ, ಕೆಲವಲ್ಲಿ ಇಬ್ಬರು, ಮೂವರು. ಪಟ್ಟಿ ನೋಡೋಕೆ ಓರೆಕೋರೆ, ಕ್ಲಾಸು ನಡೆಯೋಕೆ ಸಲೀಸು.

ಕ್ಲಬ್‌ಗಳ ವಿಷಯದಲ್ಲಿ ಅರ್ಧ ಗೆದ್ದೆವು. ಸದಸ್ಯ ಶುಲ್ಕ ತೆಗೆಸಿದೆವು. ರಾತ್ರಿ ಹತ್ತರ ಮೀಟಿಂಗ್‌ಗಳನ್ನು ಸಂಜೆಗೆ ತರಿಸಿದೆವು, ಲೈಬ್ರರಿಯಲ್ಲಿ ರಾತ್ರಿ ಪಾಳಿ ಕೆಲಸ ಮಾಡುವ ಸ್ಕಾಲರ್‌ಶಿಪ್ ಮಕ್ಕಳೂ ಬರಲಿ ಅಂತ. ಸದಸ್ಯರನ್ನು ಆರಿಸುವ ಸಂದರ್ಶನ ಮಾತ್ರ ಕಬ್ಬಿಣದ ಕಡಲೆ. ಚರ್ಚಾ ಕ್ಲಬ್‌ನವರ ಮೊದಲ ಪ್ರಶ್ನೆಯೇ "ಶಾಲೆಯಲ್ಲಿ ಡಿಬೇಟ್ ಮಾಡಿದ್ದೀರಾ?" ಅಂತ. ಡಿಬೇಟ್ ಇದ್ದ ಶಾಲೆಯಿಂದ ಬಂದವರು ಮಾತ್ರ ಹೌದು ಅನ್ನೋಕೆ ಸಾಧ್ಯ. ಅಧ್ಯಕ್ಷೆ ಹೇಳಿದ್ದು: "ಎಲ್ಲರನ್ನೂ ಸೇರಿಸಿದರೆ ಕ್ವಾಲಿಟಿ ಹೋಗುತ್ತೆ ಮೇಡಂ." ಅವಳ ಮಟ್ಟಿಗೆ ಅದು ಸುಳ್ಳಲ್ಲ, ಮುಂದಿನ ತಿಂಗಳು ಸ್ಪರ್ಧೆ ಇತ್ತು. ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತೇನೋ.

ನಾಟಕದವರು ಬಾಗಿಲು ತೆರೆದರು. ಒಂದು ಸಂಜೆ ನಾನು ರಂಗದ ಹಿಂಭಾಗಕ್ಕೆ ಹೋದೆ. ಎತ್ತರದ ಹಲಗೆಯೊಂದಕ್ಕೆ ಬಣ್ಣ ಬಳಿಯುತ್ತಿದ್ದರು. ಏಣಿಯ ಮೇಲೊಬ್ಬ, ಕೆಳಗೆ ಬಣ್ಣದ ಡಬ್ಬಿ ಎತ್ತಿ ಹಿಡಿದವಳೊಬ್ಬಳು. ಹುಡುಗ ಕುಂಚ ಅದ್ದಿದಾಗಲೆಲ್ಲ ಅವಳ ತಲೆ ಮೇಲೆ ಹನಿ ಬೀಳುತ್ತಿತ್ತು. "ಸ್ವಲ್ಪ ನೋಡ್ಕೊಂಡು ಅದ್ದೋ" ಅಂತ ಗದರುತ್ತಿದ್ದಳು. ಅವನು ಹೊರದೇಶದವನು, ಅವಳ ಭಾಷೆ ಬಾರದು. ಗದರಿದ್ದು ಮಾತ್ರ ಸರಿಯಾಗಿ ಅರ್ಥವಾಗಿತ್ತು. ನಾನು ಬಂದದ್ದನ್ನು ಇಬ್ಬರೂ ಗಮನಿಸಲಿಲ್ಲ. ಮರುದಿನ ಪರದೆ ಏಳಬೇಕು, ಬಣ್ಣ ಒಣಗಬೇಕು, ಅವರಿಗೆ ಅದೇ ಚಿಂತೆ. ವೈವಿಧ್ಯ ದಿನಕ್ಕೆ ಕೊಟ್ಟ ದುಡ್ಡಿನಲ್ಲಿ ಇಂಥ ಎಷ್ಟು ಹಲಗೆ ಬರುತ್ತಿತ್ತು ಅಂತ ಸುಮ್ನೆ ಲೆಕ್ಕ ಹಾಕಿದೆ.

ಎಷ್ಟಾಯಿತು

ಮುಂದಿನ ವರ್ಷ ಅದೇ ಚೀಟಿ ಮತ್ತೆ ಹಂಚಿದೆವು. "ಪಕ್ಕದ ರೂಮು" ಈಗಲೂ ಮೊದಲ ಉತ್ತರ. ಆದರೆ ಈಗ ಪಕ್ಕದ ರೂಮಿನಲ್ಲಿ ಇರುವವರು ಬೇರೆ. "ಪ್ರಾಜೆಕ್ಟಲ್ಲಿ" ಅನ್ನುವ ಉತ್ತರ ಹೊಸದಾಗಿ ಅಲ್ಲಲ್ಲಿ ಬಂತು. ಎರಡನೇ, ಮೂರನೇ ವರ್ಷದವರ ಉತ್ತರಗಳಲ್ಲಿ ಹೆಚ್ಚೇನೂ ಬದಲಾಗಿರಲಿಲ್ಲ. ಅವರ ಗುಂಪುಗಳು ಆಗಲೇ ಗಟ್ಟಿಯಾಗಿದ್ದವು. ಮೊದಲ ಕೆಲವು ವಾರ ಕೈತಪ್ಪಿದರೆ ಆಮೇಲೆ ಕಷ್ಟ ಅಂತ ಆಗ ಗೊತ್ತಾಯಿತು. ಓದು ಬಿಟ್ಟು ಹೋದವರ ಸಂಖ್ಯೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಒಂದೇ ವರ್ಷದ ಲೆಕ್ಕ ಹಿಡಿದು ಮಾತಾಡೋದು ಸರಿಯಲ್ಲ.

ಹೊರದೇಶದ ಮಕ್ಕಳು ಈಗಲೂ ರಾತ್ರಿ ಊಟಕ್ಕೆ ಹೆಚ್ಚಾಗಿ ತಮ್ಮವರ ಜೊತೆಗೇ ಕೂರುತ್ತಾರೆ. ಆಡಳಿತದ ಒಬ್ಬರು ಇದನ್ನು ಸೋಲು ಅಂತ ಬರೆಯಬೇಕು ಅಂದರು. ನಾನು ಒಪ್ಪಲಿಲ್ಲ. ದಿನವಿಡೀ ಪರಭಾಷೆಯಲ್ಲಿ ಹೆಣಗಿದವರು ಒಂದು ಹೊತ್ತು ತಮ್ಮ ಮಾತಾಡಿಕೊಂಡು ಉಣ್ಣುವುದರಲ್ಲಿ ತಪ್ಪೇನಿದೆ? ಹುಲ್ಲುಹಾಸಿನ ಫೋಟೋದ ಥರ ಎಲ್ಲ ಮೇಜೂ ಬೆರಕೆ ಇರಬೇಕು ಅನ್ನೋದು ನೋಡುವವರ ಆಸೆ. ನನಗೆ ಬೇಕಿದ್ದದ್ದು ಬೇರೆ. ಎಂಟು ಗಂಟೆಗೆ ತಟ್ಟೆ ಹಿಡಿದು ಬಂದವರಿಗೆ ಕೂರೋಕೆ ಎರಡು ಮೂರು ಮೇಜಾದರೂ ಇರಬೇಕು, ಅಷ್ಟೇ.

ನಾನು ಆ ಕೆಲಸ ಬಿಟ್ಟು ಈಗ ಸ್ವಲ್ಪ ಕಾಲವಾಯಿತು. ಚರ್ಚಾ ಕ್ಲಬ್ ಮೊದಲ ಸೆಮಿಸ್ಟರ್‌ಗೆ ಸಂದರ್ಶನ ತೆಗೆದಿದೆ ಅಂತ ಹಳೆಯ ಸಹೋದ್ಯೋಗಿ ಹೇಳಿದರು. ಅದೇ ಫೋನಿನಲ್ಲಿ ಇನ್ನೊಂದು ಸುದ್ದಿ. ಮೊದಲ ವರ್ಷದವರಿಗೂ ಒಬ್ಬರ ರೂಮು ಕೊಡಬೇಕು, ಬೇಡಿಕೆ ಇದೆ, ಹಣವೂ ಬರುತ್ತದೆ ಅಂತ ಪ್ರಸ್ತಾಪ ಮತ್ತೆ ಬಂದಿದೆಯಂತೆ. ಸಮಿತಿಯಲ್ಲಿ ಈಗ ಇರುವವರಲ್ಲಿ ಆ ಹುಡುಗಿಯ ಅರ್ಜಿ ಓದಿದವರು ಯಾರೂ ಇಲ್ಲ. ಹಳೇ ಕಡತದಲ್ಲಿ ಅದರ ಪ್ರತಿ ಯಾವ ಕಪಾಟಿನಲ್ಲಿದೆ ಅಂತ ಅವರಿಗೆ ಹೇಳಿ ಫೋನ್ ಇಟ್ಟೆ.